ಮಾತು ನಿಂತ ರೇಡಿಯೋ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಇತಿಹಾಸದ ಅಧ್ಯಾಪಕನೊಬ್ಬ ರೇಡಿಯೋ ದುರಸ್ತಿಯ ಮೇಲೆ ಲೇಖನ ಬರೆಯಹೊರಟರೆ ವಾಚಕರಿಗೆ ಕೊಂಚ ಆಶ್ಚರ್ಯವಾಗುವುದು ಸಹಜವೇ. ಪ್ರಯೋಗಶಾಲೆಯಿಲ್ಲದ ನಮ್ಮಲ್ಲಿ ಬೆಸುಗೆಯ ಕಡ್ಡಿಗೇನು ಕೆಲಸ ಎಂದು ಸಹೋದ್ಯೋಗಿಯೊಬ್ಬರು ಕೇಳಿಯೂ ಬಿಟ್ಟರು. ಅವರಿಗೆ ನಾನು ಕೊಟ್ಟ ಉತ್ತರ ಇಷ್ಟೆ: ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ; ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದವರು. ಅವರ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಆದ್ದರಿಂದ ಈ ಪೆಟ್ಟಿಗೆ ನಮಗೇನೂ ಪರಕೀಯವಲ್ಲ.

ನಾನು ಈ ಕೆಲಸ ಕಲಿತದ್ದು ಹೊನ್ನಾಳಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಚಿಕ್ಕ ಅಂಗಡಿ ಇಟ್ಟಿದ್ದ ಒಬ್ಬ ವೃದ್ಧ ರಿಪೇರಿದಾರರ ಬಳಿ. ನಮ್ಮೂರು ನ್ಯಾಮತಿ. ಹೊನ್ನಾಳಿಗೆ ಬಂದಾಗಲೆಲ್ಲ ಅವರ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಳಿತುಬಿಡುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಗಿರಾಕಿಗಳ ಮಾತು ಹೆಚ್ಚಾಗಿ ಒಂದೇ ಬಗೆಯದು: “ಸ್ವಾಮಿ, ಇದರೊಳಗೆ ಏನೋ ಸುಟ್ಟಿದೆ, ಹೊಸದು ಹಾಕಿಬಿಡಿ.” ಯಜಮಾನರು ಪೆಟ್ಟಿಗೆ ಬಿಚ್ಚುವ ಮೊದಲು ಕೇಳುತ್ತಿದ್ದುದೂ ಒಂದೇ ಬಗೆಯ ಪ್ರಶ್ನೆಗಳು: ಮಾತು ಒಮ್ಮೆಗೇ ನಿಂತಿತೋ, ಮೆಲ್ಲಮೆಲ್ಲನೆ ಕುಗ್ಗಿತೋ? ನಿಲ್ಲುವ ಮುಂಚೆ ಕರಕರ ಎಂದಿತೋ, ಪಟಪಟ ಎಂದಿತೋ? ಬಿದ್ದಿತ್ತೋ? ಒಂದು ಏಟು ಕೊಟ್ಟರೆ ಮಾತಾಡುತ್ತದೆಯೋ? ಈ ವಿಚಾರಣೆಯಲ್ಲೇ ಅರ್ಧ ರಿಪೇರಿ ಆಗಿಹೋಗುತ್ತಿತ್ತು. ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದೆಂದು ತರಗತಿಯಲ್ಲಿ ಹೇಳುವ ನನಗೆ ಅದು ಹಿಡಿಸಿದ್ದರಲ್ಲಿ ವಿಶೇಷವಿಲ್ಲ.

ಟ್ರಾನ್ಸಿಸ್ಟರ್ ರೇಡಿಯೋ ಒಳಗೆ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಭಾಗದವರಿಗೆ ಭದ್ರಾ ನಾಲೆಯ ಹೋಲಿಕೆ ಸಾಕು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬಲದಂಡೆ ನಾಲೆಯಲ್ಲಿ ಹೊರಟ ನೀರು ತೂಬು ದಾಟಿ, ಉಪನಾಲೆ ಹಿಡಿದು, ಕಡೆಗೆ ಗದ್ದೆಗೆ ಬರುತ್ತದೆ. ರೇಡಿಯೋದಲ್ಲಿ ಗಾಳಿಯಿಂದ ಬಂದ ಅತಿ ಕ್ಷೀಣವಾದ ಅಲೆಯನ್ನು ಏರಿಯಲ್ ಸುರುಳಿ ಹಿಡಿಯುತ್ತದೆ. ಗ್ಯಾಂಗ್ ಕಂಡೆನ್ಸರನ್ನು ತಿರುಗಿಸಿ ಬೇಕಾದ ನಿಲಯವನ್ನು ಆರಿಸುತ್ತೇವೆ. ಬಳಿಕ ಬರುವುದು ಈ ಯಂತ್ರದ ನಿಜವಾದ ಜಾಣತನ. ರೇಡಿಯೋ ತಾನೇ ಒಳಗೊಂದು ಅಲೆಯನ್ನು ಹುಟ್ಟಿಸಿಕೊಂಡು, ಬಂದ ಅಲೆಯೊಡನೆ ಬೆರೆಸುತ್ತದೆ. ಎರಡರ ನಡುವಿನ ಅಂತರ ಯಾವಾಗಲೂ 455 ಕಿಲೋಹರ್ಟ್ಸ್ ಇರುವಂತೆ ಹೊಂದಿಸಿರುತ್ತಾರೆ (ಹಳೆಯ ಡಯಲುಗಳಲ್ಲಿ ಇದನ್ನೇ ಕಿಲೋಸೈಕಲ್ ಎಂದು ಬರೆದಿರುವುದುಂಟು). 1965ರಲ್ಲಿ ಆರಂಭವಾದ ಭದ್ರಾವತಿ ನಿಲಯದ ಮಧ್ಯಮ ತರಂಗ 675 ಕಿಲೋಹರ್ಟ್ಸಿನದು. ಅದನ್ನು ಹಿಡಿಯುವಾಗ ರೇಡಿಯೋದ ಒಳ ಅಲೆ 1130. ಧಾರವಾಡದ 765ಕ್ಕೆ ತಿರುಗಿಸಿದರೆ ಒಳ ಅಲೆ 1220 ಆಗುತ್ತದೆ. ಕಳೆದು ನೋಡಿದರೆ ಎರಡು ಸಲವೂ ಉಳಿಯುವುದು ಅದೇ 455. ಹೀಗೆ ಯಾವ ನಿಲಯವೇ ಇರಲಿ, ಮುಂದಿನ ಭಾಗಗಳು ಒಂದೇ ಸಂಖ್ಯೆಯ ಅಲೆಯನ್ನು ಹಿಗ್ಗಿಸಿದರೆ ಸಾಕು. ಇದು 1918ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಉಪಾಯ. ಹಿಗ್ಗಿದ ಅಲೆಯಿಂದ ಡಯೋಡ್ ಧ್ವನಿಯ ಅಂಶವನ್ನು ಬೇರ್ಪಡಿಸುತ್ತದೆ. ಅದು ವಾಲ್ಯೂಮ್ ಕಂಟ್ರೋಲಿಗೆ ಬಂದು, ಅಲ್ಲಿಂದ ಮುಂದಿನ ಟ್ರಾನ್ಸಿಸ್ಟರುಗಳಲ್ಲಿ ಬಲಗೊಂಡು ಸ್ಪೀಕರಿಗೆ ಮುಟ್ಟುತ್ತದೆ.

ಗದ್ದೆಗೆ ನೀರು ಬಾರದಿದ್ದರೆ ಕೊನೆಯ ಭಾಗದ ರೈತನು ಅಣೆಕಟ್ಟು ಒಡೆದಿದೆಯೆಂದು ಹೇಳುವುದಿಲ್ಲ. ನಾಲೆಯ ಏರಿಯ ಮೇಲೆ ನಡೆದುಹೋಗಿ, ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಮುಂದೆ ಇಲ್ಲ ಎಂದು ನೋಡುತ್ತಾನೆ. ರೇಡಿಯೋದಲ್ಲಿಯೂ ಹಾಗೆಯೇ. ನಡುಭಾಗದಿಂದ ಆರಂಭಿಸಿದರೆ ನಡಿಗೆ ಅರ್ಧ ಉಳಿಯುತ್ತದೆ. ವಾಲ್ಯೂಮನ್ನು ಪೂರ್ತಿ ಏರಿಸಿ, ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿ. ಸ್ಪೀಕರಿನಲ್ಲಿ ಕಟ್ ಎಂದೋ ಗುಂಯ್ ಎಂದೋ ಸದ್ದು ಬಂದರೆ ಅಲ್ಲಿಂದ ಈಚಿನ ಭಾಗವೆಲ್ಲ ಸರಿಯಿದೆ. ದೋಷ ಆಚೆ, ಏರಿಯಲ್ಲಿನ ಕಡೆಗಿದೆ. ಸದ್ದಿಲ್ಲದಿದ್ದರೆ ದೋಷ ಈಚೆ. ಒಂದು ಮುಟ್ಟುವಿಕೆಯಿಂದ ಅರ್ಧ ರೇಡಿಯೋ ನಿರ್ದೋಷಿಯೆಂದು ಬಿಡುಗಡೆಯಾಯಿತು!

ಆದರೆ ಇದಕ್ಕೂ ಮೊದಲು ನೋಡತಕ್ಕದ್ದು ಸೆಲ್ಲುಗಳನ್ನು. ಸೆಲ್ಲನ್ನು ಹೊರತೆಗೆದು ಅಳೆದರೆ ಮುದಿ ಸೆಲ್ಲೂ 1.5 ವೋಲ್ಟಿನ ಹತ್ತಿರ ತೋರಿಸಿ ಮೋಸ ಮಾಡುತ್ತದೆ. ರೇಡಿಯೋ ಹಾಕಿದ ಸ್ಥಿತಿಯಲ್ಲೇ ಅಳೆಯಬೇಕು. ಸೆಲ್ಲು ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿದಿದ್ದರೆ ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ನ್ಯಾಮತಿಯ ನಮ್ಮ ಬೀದಿಯಲ್ಲಿ ನಾನು ‘ರಿಪೇರಿ’ ಮಾಡಿದ ರೇಡಿಯೋಗಳಲ್ಲಿ ಹೆಚ್ಚಿನವು ಈ ಜಾತಿಯವು. ಕೀರ್ತಿ ಮಾತ್ರ ಪೂರ್ತಿ ಬಂತು. ಮುಂದಿನದು ವಿದ್ಯುತ್ ಪ್ರವಾಹದ ಅಳತೆ. ರೇಡಿಯೋದ ಸ್ವಿಚ್ಚನ್ನು ಆರಿಸಿಟ್ಟು, ಮೀಟರನ್ನು ಮಿಲಿಆಂಪಿಯರಿಗೆ ತಿರುಗಿಸಿ, ಸ್ವಿಚ್ಚಿನ ಎರಡು ಕಾಲುಗಳಿಗೆ ಅಡ್ಡಲಾಗಿ ಹಿಡಿಯಿರಿ. ಧ್ವನಿ ತಗ್ಗಿಸಿದ ಆರೋಗ್ಯವಂತ ರೇಡಿಯೋ ಸುಮಾರು 10 ಮಿಲಿಆಂಪಿಯರ್ ಎಳೆಯುತ್ತದೆ. ಏನೂ ಎಳೆಯದಿದ್ದರೆ ಎಲ್ಲೋ ತಂತಿ ಕಡಿದಿದೆ. ನೂರು ದಾಟಿದರೆ ಎಲ್ಲೋ ಶಾರ್ಟ್ ಆಗಿದೆ. ಸ್ಪೀಕರಿನ ಪರೀಕ್ಷೆ ಇನ್ನೂ ಸುಲಭ: ಒಂದು ಸೆಲ್ಲಿನಿಂದ ಎರಡು ತಂತಿ ತಂದು ಕ್ಷಣಮಾತ್ರ ಮುಟ್ಟಿಸಿದರೆ ಟಕ್ ಎನ್ನಬೇಕು. ಸ್ಪೀಕರೂ ಸರಿ, ಆಂಪ್ಲಿಫೈಯರೂ ಸರಿ, ಮಾತು ಮಾತ್ರ ಇಲ್ಲ ಎಂದರೆ ಇಯರ್‌ಫೋನ್ ಚುಚ್ಚುವ ತೂತನ್ನು ನೋಡಿ. ಅಲ್ಲಿ ಒಂದು ಎಳಸು ತಗಡು ಇರುತ್ತದೆ. ಇಯರ್‌ಫೋನ್ ಚುಚ್ಚಿದಾಗ ಅದು ಸರಿದು ಸ್ಪೀಕರನ್ನು ಕತ್ತರಿಸುತ್ತದೆ. ಧೂಳು ಹಿಡಿದು ಸರಿದ ಜಾಗದಲ್ಲೇ ನಿಂತುಬಿಟ್ಟರೆ ಸ್ಪೀಕರಿಗೆ ಶಾಶ್ವತ ರಜೆ.

ವಾಲ್ಯೂಮ್ ತಿರುಗಿಸುವಾಗ ಬರ್ರ್ ಎಂದರೆ ಒಳಗಿನ ಇದ್ದಿಲಿನ ಪಟ್ಟಿಗೆ ಕೊಳೆ ಕೂತಿದೆ. ಸ್ಪಿರಿಟ್ಟಿನ ಎರಡು ಹನಿ ಬಿಟ್ಟು ಹತ್ತಾರು ಸಲ ತಿರುಗಿಸಿ ಆರಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಳೆಯ ರೇಡಿಯೋದಲ್ಲಿ ಕಾಲನಿಗೆ ಮೊದಲು ತುತ್ತಾಗುವುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರ್. ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವನ್ನಿಟ್ಟು ಸುತ್ತಿ ಡಬ್ಬಿಯಲ್ಲಿ ಮುಚ್ಚಿರುತ್ತಾರೆ. ಹತ್ತಿಪ್ಪತ್ತು ವರ್ಷಗಳಲ್ಲಿ ದ್ರವ ಒಣಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಸೆಲ್ಲಿಗೆ ಸಮಾನಾಂತರವಾಗಿ ಹಾಕಿದ 100 ಮೈಕ್ರೋಫ್ಯಾರಡ್ ಕಂಡೆನ್ಸರ್ ಒಣಗಿದಾಗ ರೇಡಿಯೋ ಪಟಪಟಪಟ ಎಂದು ನೀರೆತ್ತುವ ಡೀಸೆಲ್ ಎಂಜಿನ್ನಿನಂತೆ ಸದ್ದು ಮಾಡತೊಡಗುತ್ತದೆ. ಇದು ಹೊಸ ಸೆಲ್ಲಿನಲ್ಲಿ ಇರುವುದಿಲ್ಲ, ಹಳೆಯ ಸೆಲ್ಲಿನಲ್ಲಿ ಬರುತ್ತದೆ. ಆದ್ದರಿಂದ ಜನ ಸೆಲ್ಲನ್ನು ಬೈದು ಎಸೆಯುತ್ತಾರೆ. ಕಾರಣ ಸ್ವಾರಸ್ಯವಾಗಿದೆ. ಸೆಲ್ಲು ಹಳತಾದಂತೆ ಅದರ ಒಳರೋಧ ಹೆಚ್ಚುತ್ತದೆ. ಸ್ಪೀಕರಿನ ಕಡೆಯ ಟ್ರಾನ್ಸಿಸ್ಟರುಗಳು ಗಕ್ಕನೆ ಪ್ರವಾಹ ಎಳೆದಾಗ ವೋಲ್ಟೇಜು ಕುಸಿಯುತ್ತದೆ. ಆ ಕುಸಿತ ಮುಂದಿನ ಸಾಲಿನ ಟ್ರಾನ್ಸಿಸ್ಟರುಗಳಿಗೆ ಸುದ್ದಿಯಂತೆ ತಲುಪಿ, ಅವು ಅದನ್ನೇ ಹಿಗ್ಗಿಸಿ ಮತ್ತೆ ಸ್ಪೀಕರಿಗೆ ಕಳುಹಿಸುತ್ತವೆ. ಕಂಡೆನ್ಸರ್ ಸರಿಯಿದ್ದಾಗ ಕೆರೆಯಂತೆ ಸ್ವಲ್ಪ ದಾಸ್ತಾನು ಇಟ್ಟುಕೊಂಡು ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಪರೀಕ್ಷಿಸಲು ಅದನ್ನು ಕೀಳಬೇಕಾಗಿಯೇ ಇಲ್ಲ. ಒಳ್ಳೆಯದೊಂದನ್ನು ಅದರ ಕಾಲುಗಳಿಗೆ ಜೋಡಿಸಿ ಹಿಡಿದಾಗ ಪಟಪಟ ನಿಂತರೆ ಅಪರಾಧಿ ಸಿಕ್ಕಿದಂತೆ. ಹೊಸದನ್ನು ಹಾಕುವಾಗ ಧನ ಋಣ ಅದಲುಬದಲಾಗಬಾರದು. ವೋಲ್ಟೇಜು ಹಳೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. 100ಕ್ಕೆ 220 ಹಾಕಿದರೆ ಈ ಜಾಗದಲ್ಲಿ ಬಾಧಕವಿಲ್ಲ.

ಚನ್ನಗಿರಿ ತಾಲ್ಲೂಕಿನ ನನ್ನ ಭಾವನವರ ಅಡಿಕೆ ತೋಟದ ರೇಡಿಯೋ ಮತ್ತೊಂದು ಪಾಠ ಕಲಿಸಿತು. ಕೆಲವು ವರ್ಷಗಳ ಹಿಂದೆ ಅದು ತೋಟದಲ್ಲಿ ಚೆನ್ನಾಗಿ ಮಾತಾಡುತ್ತಿತ್ತು; ಒಂದು ಮದುವೆಗೆಂದು ಜಗಳೂರಿಗೆ ಒಯ್ದಾಗ ಹಗಲೆಲ್ಲ ಬರೀ ಸುಂಯ್ ಎಂಬ ಸದ್ದು. “ಜಗಳೂರಿನ ಗಾಳಿಯೇ ಒಣ, ಅಲ್ಲಿ ರೇಡಿಯೋನೂ ಬಾಯಾರುತ್ತೆ” ಎಂದು ಭಾವನವರು ನಕ್ಕುಬಿಟ್ಟಿದ್ದರು. ಭೂಪಟ ನೋಡಿ. ಚನ್ನಗಿರಿ ಭದ್ರಾವತಿಯಿಂದ ನೇರ ಗೆರೆಯಲ್ಲಿ ಸುಮಾರು 30 ಕಿಲೋಮೀಟರು. ಜಗಳೂರು ಸುಮಾರು 100. ನಿಲಯದ ಹತ್ತಿರ ಅರೆಜೀವದ ರೇಡಿಯೋ ಕೂಡ ಮಾತಾಡುತ್ತದೆ. ದೂರ ಹೋದಾಗ ಅದರ ದೌರ್ಬಲ್ಯ ಬಯಲಾಗುತ್ತದೆ. ಬಿಚ್ಚಿ ನೋಡಿದರೆ ಏರಿಯಲ್ ಸುರುಳಿಯ ಒಂದು ತುದಿ ಬೆಸುಗೆಯ ಬುಡದಲ್ಲೇ ಕಡಿದಿತ್ತು. ಕೆಲವೇ ಓಮ್ ತೋರಿಸಬೇಕಾದ ಸುರುಳಿ ಅನಂತ ತೋರಿಸಿತು. ಕಪ್ಪು ಫೆರೈಟ್ ಕಡ್ಡಿಯ ಮೇಲೆ ಸುತ್ತಿರುವ ಈ ತಂತಿ ಒಂಟಿ ತಂತಿಯಲ್ಲ. ಕೂದಲಿನಂಥ ಹಲವು ಎಳೆಗಳ ಹುರಿ. ಎಲ್ಲ ಎಳೆಗಳ ಅರಗನ್ನೂ ಬಿಡಿಸಿ, ಒಟ್ಟಿಗೇ ಬೆಸೆಯಬೇಕು. ಎರಡು ಎಳೆ ಬಿಟ್ಟುಹೋದರೂ ರೇಡಿಯೋ ಮಾತಾಡೀತು, ಆದರೆ ಜಗಳೂರಿನಲ್ಲಲ್ಲ. ಅಂದಹಾಗೆ, ಈ ಕಡ್ಡಿಯ ತುದಿ ನಿಲಯದ ಕಡೆಗೆ ನೆಟ್ಟಗೆ ನಿಂತರೆ ಧ್ವನಿ ಕುಗ್ಗುತ್ತದೆ, ಅಡ್ಡಲಾಗಿ ನಿಂತರೆ ಹಿಗ್ಗುತ್ತದೆ. ಭದ್ರಾವತಿ ಹೊನ್ನಾಳಿಗೆ ಹೆಚ್ಚುಕಡಿಮೆ ದಕ್ಷಿಣಕ್ಕಿದೆ. ಹೊನ್ನಾಳಿಯಲ್ಲಿ ಭದ್ರಾವತಿ ಕೇಳುವವರು ಕಡ್ಡಿಯನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಬೇಕು. ರೇಡಿಯೋವನ್ನು ಅತ್ತ ಇತ್ತ ತಿರುಗಿಸಿ ಇಡುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ತ್ವ ಕೈಗೆ ಗೊತ್ತಿತ್ತು.

ಇನ್ನು ಟ್ರಾನ್ಸಿಸ್ಟರುಗಳ ಮಾತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿ, ಬಾರ್ಡೀನ್, ಬ್ರಾಟೇನ್, ಷಾಕ್ಲೆಯವರಿಗೆ 1956ರ ನೊಬೆಲ್ ಪಾರಿತೋಷಕ ತಂದ ಈ ಸಾಧನ ಬಹುಬೇಗ ನಮ್ಮ ನಾಡಿಗೂ ಬಂತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಲಾರಂಭಿಸಿತು. ಹಳೆಯ ರೇಡಿಯೋಗಳಲ್ಲಿ ಎ.ಸಿ. 128 ಮೊದಲಾದ ಲೋಹದ ಟೋಪಿಯ ಟ್ರಾನ್ಸಿಸ್ಟರುಗಳನ್ನು ಕಾಣುವಿರಿ. ಇವನ್ನು ಕೀಳದೆಯೇ ಪರೀಕ್ಷಿಸಬಹುದು. ರೇಡಿಯೋ ಹಾಕಿ, ಬೇಸ್ ಮತ್ತು ಎಮಿಟರ್ ಕಾಲುಗಳ ನಡುವೆ ಅಳೆದರೆ ಜರ್ಮೇನಿಯಂ ಆದರೆ 0.1ರಿಂದ 0.3 ವೋಲ್ಟ್, ಸಿಲಿಕಾನ್ ಆದರೆ 0.6ರಿಂದ 0.7 ಇರಬೇಕು. ಸೊನ್ನೆಯಿದ್ದರೆ, ಅಥವಾ ಇದಕ್ಕಿಂತ ಬಹಳ ಹೆಚ್ಚಿದ್ದರೆ, ಅಲ್ಲಿ ನಿಂತು ವಿಚಾರಿಸಬೇಕು. ಜರ್ಮೇನಿಯಂ ಜಾಗಕ್ಕೆ ಸಿಲಿಕಾನ್ ಹಾಕಿ ಸುಮ್ಮನಾಗುವಂತಿಲ್ಲವೆಂಬುದು ಈ ಸಂಖ್ಯೆಗಳಿಂದಲೇ ತಿಳಿಯುತ್ತದೆ. ಅದರ ಸುತ್ತಲಿನ ರೆಸಿಸ್ಟರುಗಳನ್ನೂ ಬದಲಿಸಬೇಕು.

ಜಗಳೂರಿನಲ್ಲಿರುವ ನನ್ನ ಸೋದರತ್ತೆಯ ಮನೆಯ ರೇಡಿಯೋ ನನ್ನ ಕೈಗೆ ಬಂದಾಗ ಈ ಎಚ್ಚರಿಕೆಯೆಲ್ಲ ಬೇಕಾಯಿತು. ಅದು ಮಾವನವರು ಕೊಂಡದ್ದು. ಆ ದಿನಗಳಲ್ಲಿ ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಆ ಪುಸ್ತಕವೂ ಅತ್ತೆಯ ಪೆಟ್ಟಿಗೆಯಲ್ಲಿದೆ. ಮಾವ ತೀರಿಕೊಂಡ ಮೇಲೆ ಮಕ್ಕಳು ಹೊಸ ರೇಡಿಯೋ ತಂದುಕೊಟ್ಟರು, ಆಮೇಲೆ ಮೊಬೈಲೂ ಕೊಟ್ಟರು. ಅತ್ತೆಗೆ ಅದಾವುದೂ ಬೇಡ.

“ಅತ್ತೆ, ಇದು ಒಂದೇ ಸಲಕ್ಕೆ ನಿಂತಿತೋ?” ಎಂದೆ.

“ಇಲ್ಲ ಕಣಪ್ಪ, ತಲೆ ಮೇಲೆ ಒಂದು ಕೊಟ್ಟರೆ ಮಾತಾಡೋದು. ನಿಮ್ಮ ಮಾವ ದಿನಾ ಕೊಡೋರು. ಆಮೇಲೆ ಆಮೇಲೆ ಎಷ್ಟು ಕೊಟ್ಟರೂ ಬಾಯಿ ಬಿಡಲಿಲ್ಲ. ಹಾಳು ಮಾಡಬೇಡ ಮಾರಾಯ, ಹೀಗೇ ಇದ್ದರೂ ಇರಲಿ.”

ಕಡೆಯ ಮಾತು ನನ್ನನ್ನು ಕಟ್ಟಿಹಾಕಿತು. ಇದರ ಟ್ರಾನ್ಸಿಸ್ಟರುಗಳು ಅಂಗಡಿಯಲ್ಲಿ ಸಿಕ್ಕುವ ಕಾಲ ಎಂದೋ ಮುಗಿದಿದೆ. ಅಂದಾಜಿನ ಮೇಲೆ ಒಂದೊಂದನ್ನೇ ಕಿತ್ತು ನೋಡುತ್ತ ಹೋದರೆ, ಚೆನ್ನಾಗಿರುವವೂ ಕಾವಿಗೆ ಸಾಯುತ್ತವೆ. ನಾಲೆಯ ಏರಿ ಹಿಡಿದು ನಡೆದೆ. ಪ್ರವಾಹ 9 ಮಿಲಿಆಂಪಿಯರ್, ಸರಿ. ವಾಲ್ಯೂಮಿನ ನಡುಗಾಲು ಮುಟ್ಟಿದರೆ ಸದ್ದು ಬಂತು, ಈಚಿನದು ಸರಿ. ಆಚೆ ಉಳಿದದ್ದು ಮೂರು ಟ್ರಾನ್ಸಿಸ್ಟರು, ಮೂರೂ ಎ.ಎಫ್. 117. ಎರಡರ ವೋಲ್ಟೇಜು ಸರಿಯಾಗಿತ್ತು. ನಡುವಿನದರ ಬೇಸಿನಲ್ಲಿ ಸೊನ್ನೆ.

ಎ.ಎಫ್. 114ರಿಂದ 117ರವರೆಗಿನ ಟ್ರಾನ್ಸಿಸ್ಟರುಗಳಿಗೆ ಮೂರಲ್ಲ, ನಾಲ್ಕು ಕಾಲು. ನಾಲ್ಕನೆಯದು ಲೋಹದ ಡಬ್ಬಿಗೆ ಕೂಡಿಸಿದ್ದು. ಹೊರಗಿನ ಅಲೆಗಳಿಂದ ಕಾಪಾಡಲೆಂದು ಅದನ್ನು ರೇಡಿಯೋದ ಸಾಮಾನ್ಯ ತಂತಿಗೆ ಬೆಸೆದಿರುತ್ತಾರೆ. ಈ ಡಬ್ಬಿಯ ಒಳಮೈಗೆ ತವರದ ಲೇಪ. ತವರಕ್ಕೊಂದು ವಿಚಿತ್ರ ಗುಣವಿದೆ: ಯಾರೂ ಮುಟ್ಟದೆ, ಬಿಸಿ ಮಾಡದೆ ಸುಮ್ಮನೆ ಇಟ್ಟರೂ, ವರ್ಷಗಳು ಕಳೆದಂತೆ ಅದರ ಮೈಯಿಂದ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಲೋಹದ ಎಳೆಗಳು ಮೀಸೆಯಂತೆ ಬೆಳೆಯುತ್ತವೆ. ಬೆಳೆದು ಒಳಗಿನ ತಂತಿಯನ್ನು ಮುಟ್ಟಿದ ದಿನ ಡಬ್ಬಿಗೂ ತಂತಿಗೂ ಸಂಬಂಧವಾಗಿ ರೇಡಿಯೋ ಮೂಕವಾಗುತ್ತದೆ. ಡಬ್ಬಿಗೆ ಏಟು ಬಿದ್ದಾಗ ಎಳೆ ಕಡಿದು ಮತ್ತೆ ಮಾತು. ಇನ್ನೊಂದು ಎಳೆ ಬೆಳೆದಾಗ ಮತ್ತೆ ಮೌನ. ಮಾವನವರ ಏಟಿಗೆ ಶಾಸ್ತ್ರದ ಬೆಂಬಲವಿತ್ತು! ಇದು ಹಳ್ಳಿಯ ರೇಡಿಯೋಗಳ ರೋಗ ಮಾತ್ರವಲ್ಲ. ಅಮೆರಿಕದ ನಾಸಾ ಸಂಸ್ಥೆ ಈ ತವರದ ಎಳೆಗಳನ್ನು ವಿಶೇಷವಾಗಿ ಅಧ್ಯಯನ ಮಾಡಿದೆ. 1998ರ ಮೇ ತಿಂಗಳಿನಲ್ಲಿ ಕೆಲಸ ನಿಲ್ಲಿಸಿದ ಗ್ಯಾಲಕ್ಸಿ 4 ಎಂಬ ಉಪಗ್ರಹಕ್ಕೂ ಇದೇ ಕಾರಣವಿರಬೇಕೆಂದು ತಜ್ಞರು ನಿರ್ಣಯಿಸಿದರು.

ಮದ್ದು ಸರಳ. ಟ್ರಾನ್ಸಿಸ್ಟರನ್ನು ಕೀಳುವುದೇ ಬೇಡ. ನಾಲ್ಕನೆಯ ಕಾಲೊಂದನ್ನೇ ಬೆಸುಗೆಯಿಂದ ಬಿಡಿಸಿದರೆ ಡಬ್ಬಿ ಸಾಮಾನ್ಯ ತಂತಿಯಿಂದ ಬೇರೆಯಾಗುತ್ತದೆ. ಆಗ ಒಳಗಿನ ಎಳೆ ಮುಟ್ಟಿಕೊಂಡಿದ್ದರೂ ನಷ್ಟವಿಲ್ಲ. ಎಳೆಗಳು ಎರಡು ಕಾಲುಗಳಿಗೆ ಒಟ್ಟಿಗೇ ಹಬ್ಬಿದ್ದರೆ ಮಾತ್ರ ಈ ಉಪಾಯ ನಡೆಯದು. ಅತ್ತೆಯ ರೇಡಿಯೋದಲ್ಲಿ ಒಂದಕ್ಕೇ ಹಬ್ಬಿತ್ತು. ಕಾಲು ಬಿಡಿಸಿ ಸ್ವಿಚ್ ಹಾಕಿದೆ. ಸುಂಯ್ ಎಂದಿತು, ಮುಳ್ಳು ತಿರುಗಿಸುತ್ತ ಹೋದಂತೆ ಭದ್ರಾವತಿ ಸಿಕ್ಕಿತು. ಕೃಷಿ ಸಂಬಂಧದ ಯಾವುದೋ ಮಾತುಕತೆ. ಅತ್ತೆ ಅಡಿಗೆಮನೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಹೊಸ್ತಿಲ ಬಳಿ ನಿಂತು ಪೂರ್ತಿ ಕೇಳಿದರು. ಗೊಬ್ಬರದ ವಿಷಯ ಅವರಿಗೆ ಏನೂ ಬೇಕಾಗಿರಲಿಲ್ಲ. ಉಳಿದೆರಡು ಟ್ರಾನ್ಸಿಸ್ಟರುಗಳ ನಾಲ್ಕನೆಯ ಕಾಲನ್ನೂ ಅಂದೇ ಬಿಡಿಸಿಟ್ಟೆ. ಒಂದೊಂದನ್ನೂ ಬಿಡಿಸಿದ ಮೇಲೆ ಸ್ವಿಚ್ ಹಾಕಿ ಕೇಳಿ, ಸಿಳ್ಳೆ ಏಳಲಿಲ್ಲವೆಂದು ಖಚಿತಪಡಿಸಿಕೊಂಡು ಮುಂದಿನದಕ್ಕೆ ಕೈ ಹಾಕಿದೆ.

ಬೆಸುಗೆಯ ಬಗ್ಗೆ ಎರಡು ಮಾತು. ಇದಕ್ಕೆ ಸುಮಾರು ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ ಬೆರೆತ ತಂತಿ ಉತ್ತಮ. ಅದು 190 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗುತ್ತದೆ. 25 ವಾಟಿನ ಕಡ್ಡಿ ಸಾಕು. ಜರ್ಮೇನಿಯಂ ಕಾವನ್ನು ತಾಳದು. ಬೆಸೆಯುವಾಗ ಕಾಲನ್ನು ಇಕ್ಕಳದಿಂದ ಹಿಡಿದರೆ ಕಾವನ್ನು ಇಕ್ಕಳ ಹೀರಿಕೊಳ್ಳುತ್ತದೆ. ಕಲಾಯಿಯವರು ಪಾತ್ರೆಗೆ ಹಾಕುವ ನವಸಾಗರವನ್ನು ರೇಡಿಯೋದ ಹತ್ತಿರವೂ ತರಬಾರದು. ಅದು ತಾಮ್ರವನ್ನು ತಿಂದುಹಾಕುತ್ತದೆ. ರಾಳವೇ ಸರಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಸೀಸ ವಿಷ. ಮತ್ತೊಂದು: ಒಳಗೆ ಚೌಕಾಕಾರದ ಚಿಕ್ಕ ಡಬ್ಬಿಗಳ ತಲೆಯಲ್ಲಿ ಬಣ್ಣ ಬಣ್ಣದ ತಿರುಪುಗಳಿರುತ್ತವೆ. ಅವು 455ಕ್ಕೆ ಹೊಂದಿಸಿದ ಐ.ಎಫ್.ಟಿ.ಗಳು, ತಾವಾಗಿ ಕೆಡುವುದು ಅಪರೂಪ. ಸ್ಕ್ರೂಡ್ರೈವರ್ ಹಿಡಿದವರಿಗೆಲ್ಲ ಅವನ್ನು ತಿರುಗಿಸುವ ಆಸೆಯಾಗುತ್ತದೆ. ತಿರುಗಿಸಿದರೆ ಮತ್ತೆ ಹೊಂದಿಸಲು ಸಿಗ್ನಲ್ ಜನರೇಟರ್ ಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಯಂತ್ರವನ್ನು ನಾನು ಕಂಡದ್ದು ಹೊನ್ನಾಳಿಯ ಆ ಒಂದೇ ಅಂಗಡಿಯಲ್ಲಿ.

ಆ ಅಂಗಡಿ ಈಗಿಲ್ಲ. ಯಜಮಾನರು ಅದನ್ನು ಮುಚ್ಚುವ ಮುಂಚಿನ ವಾರ ನನ್ನನ್ನು ಕರೆಸಿ, ಸತ್ತ ರೇಡಿಯೋಗಳಿಂದ ಬಿಡಿಸಿಟ್ಟಿದ್ದ ಭಾಗಗಳ ಮೂರು ತಗಡಿನ ಡಬ್ಬಿಗಳನ್ನು ಕೊಟ್ಟರು. ಒಂದರಲ್ಲಿ ಎ.ಸಿ. 128ಗಳು, ಒಂದರಲ್ಲಿ ಗ್ಯಾಂಗುಗಳೂ ಏರಿಯಲ್ ಕಡ್ಡಿಗಳೂ, ಇನ್ನೊಂದರಲ್ಲಿ ಎ.ಎಫ್. 117ಗಳು. ಪ್ರತಿಯೊಂದಕ್ಕೂ ಕಾಗದದ ಚೀಟಿ ಕಟ್ಟಿ ಒಳ್ಳೆಯದು, ಸಂಶಯ ಎಂದು ಅವರೇ ಬರೆದಿದ್ದಾರೆ. ಡಬ್ಬಿಗಳು ನನ್ನ ಮನೆಯಲ್ಲಿವೆ. ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಮೂಕವಾದ ಹಳೆಯ ರೇಡಿಯೋ ಇದ್ದರೆ ಸ್ಟಾಫ್ ರೂಮಿಗೆ ತರಬಹುದು. ಸೆಲ್ಲು ತೆಗೆದು ತನ್ನಿ, ಮತ್ತು ಅದು ಹೇಗೆ ನಿಂತಿತೆಂದು ಮನೆಯವರನ್ನು ಕೇಳಿಕೊಂಡು ಬನ್ನಿ.